ಅಂಗೈಯಿಂದ ನೋಡುತ್ತಿದ್ದವರು

ಅಮ್ಮನ ಹಳೆಯ ರೇಷ್ಮೆ ಸೀರೆಯೊಂದನ್ನು ಒಗೆಯೋಣವೆಂದು ಕಳೆದ ವಾರ ಅಂಟುವಾಳಕಾಯಿ ನೆನೆಹಾಕಿದ್ದೆ. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದಾಗ ಹುಳಿಹುಳಿಯಾದ, ತುಸು ಕಹಿಯಾದ ಆ ವಾಸನೆ ಮೂಗಿಗೆ ಬಂತು. ಸೀರೆ ಮಡಿಕೆಯಲ್ಲೇ ಉಳಿಯಿತು. ಅಡುಗೆಮನೆಯ ಸ್ಟೂಲಿನ ಮೇಲೆ ಹಾಗೇ ಕುಳಿತುಬಿಟ್ಟೆ. ಅಂಟುವಾಳದ ನೀರಿನಲ್ಲಿ ಕಾರು ತೊಳೆಯುತ್ತಿದ್ದವರೊಬ್ಬರು ನನಗೆ ಗೊತ್ತಿದ್ದರು...

ಎಂಬತ್ತರ ದಶಕದ ನಡುವಿನ ವರ್ಷಗಳು. ನನಗೆ ಇಪ್ಪತ್ತಾರು ತುಂಬಿತ್ತು. ಅಮ್ಮ ಹೋದ ಮೇಲೆ ರಾಜಾಜಿನಗರದಲ್ಲಿ ಅಣ್ಣನ ಮನೆ ಸೇರಿಕೊಂಡು, ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಅಣ್ಣನಾಗಲಿ ಅತ್ತಿಗೆಯಾಗಲಿ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೂ ಅವರಿಬ್ಬರೂ ಮಾತಾಡುತ್ತಿರುವಾಗ ನಾನು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಭಾನುವಾರಗಳು ನನಗೆ ಬಲು ಉದ್ದವಾಗಿರುತ್ತಿದ್ದವು.

ನಮ್ಮ ಮನೆಯ ಹಿಂದೆ, ನಲ್ಲಿಯ ಪಕ್ಕದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಇತ್ತು. ಅದರಲ್ಲಿ ಅವರಿದ್ದರು. ಇಡೀ ಬೀದಿಯೇ ಅವರನ್ನು ಡ್ರೈವರ್ ಮಾಮ ಎನ್ನುತ್ತಿತ್ತು. ಐವತ್ತೈದರ ಆಸುಪಾಸಿನ, ತೆಳ್ಳಗಿನ, ಅಂಗಿಯ ತೋಳನ್ನು ಮೊಣಕೈವರೆಗೆ ಅಚ್ಚುಕಟ್ಟಾಗಿ ಮಡಚುತ್ತಿದ್ದ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ ಯಜಮಾನರಿಗೆ ಕಾರು ಓಡಿಸಿದ್ದರು. ಯಜಮಾನರು ಹೋದ ಮೇಲೆ ಅವರ ಮಕ್ಕಳು ಡ್ರೈವರ್ ಬೇಡವೆಂದು ಬಿಡಿಸಿದರು. ಬಿಡಿಸಿದ್ದು ಯಾಕೆಂದು ಆಗ ನಮಗಾರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳು ಅವರು ಕೋಣೆಯ ಬಾಗಿಲಲ್ಲಿ ಸುಮ್ಮನೆ ಕುಳಿತಿದ್ದರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನು ಕರೆದು ಕ್ಯಾಲೆಂಡರಿನ ಹಾಳೆಯೊಂದನ್ನು ಮುಂದೆ ಹಿಡಿದರು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಪಟ್ಟಿ ಇತ್ತು. ಅಕ್ಷರಗಳು ದೊಡ್ಡದಾಗಿ, ಒಂದರ ಮೇಲೊಂದು ಹತ್ತಿಕೊಂಡಿದ್ದವು.

"ಮನೆಮನೆಗೆ ಹೋಗಿ ಕಾರು ಪಾಲಿಶ್ ಮಾಡಿಕೊಡೋಣ ಅಂತಿದೀನಮ್ಮ. ಗ್ಯಾರೇಜಿಗೆ ಯಾಕೆ ತಗೊಂಡ್ ಹೋಗ್ಬೇಕು ಜನ? ಸಾಮಾನು ನಾನೇ ತಗೊಂಡ್ ಬರ್ತೀನಿ."

ನನಗೆ ನಗು ಬಂತು. ಆ ಕಾಲದಲ್ಲಿ ಕಾರಿದ್ದ ಮನೆಗಳೇ ಬೀದಿಗೊಂದೋ ಎರಡೋ. ಇದ್ದವರ ಕಾರನ್ನು ಡ್ರೈವರೋ ಮನೆಗೆಲಸದವರೋ ಒಂದು ಬಕೆಟ್ ನೀರು ಸುರಿದು ಒರೆಸಿದರೆ ಮುಗಿಯಿತು. ಅದಕ್ಕೊಬ್ಬರು ಸಾಮಾನು ಹೊತ್ತುಕೊಂಡು ಬರುವುದೆಂದರೆ... ಆದರೆ ಅವರು ನಗುತ್ತಿರಲಿಲ್ಲ. ನಾನು ನಗು ನುಂಗಿಕೊಂಡು ಹಾಳೆ ಓದಿದೆ.

ಅವರಷ್ಟು ಯೋಚಿಸಿ ಸಾಮಾನು ಆರಿಸಿದವರನ್ನು ನಾನು ಆಮೇಲೂ ಕಂಡಿಲ್ಲ. ಮೊದಲು ಬೇಕಾದದ್ದು ಗಾಡಿ. ಬ್ರೆಡ್ ಮಾರುತ್ತಿದ್ದವರೊಬ್ಬರಿಂದ ಹಳೆಯ ಸೈಕಲ್ಲನ್ನು, ಹಿಂದಿನ ತಗಡಿನ ಪೆಟ್ಟಿಗೆಯ ಸಮೇತ ಕೊಂಡರು. ಎರಡೂ ಕಡೆ ನೀರಿನ ಕ್ಯಾನು ತೂಗುಹಾಕಲು ಕೊಕ್ಕೆ ಮಾಡಿಸಿದರು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಊರಿನಲ್ಲಿ ಬೇರೆಯವರ ಮನೆಯ ನೀರು ಕೇಳಬಾರದೆಂದು ಅವರ ಹಟ. ಬಕೆಟ್ ಒಂದು ಸಾಲದೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದರು. ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಒಂದರಲ್ಲೇ ಅದ್ದಿ ಅದ್ದಿ ಉಜ್ಜಿದರೆ ಮಣ್ಣು ಹಚ್ಚಿ ಉಜ್ಜಿದ ಹಾಗೆ ಎಂದರು. ಬಟ್ಟೆ ಒಗೆಯುವ ಪುಡಿ ಬಣ್ಣದ ಹೊಳಪನ್ನು ತಿನ್ನುತ್ತದೆಂದು ಅದನ್ನು ಪಟ್ಟಿಯಿಂದ ಹೊಡೆದುಹಾಕಿ ಅಂಟುವಾಳಕಾಯಿ ಬರೆದರು. ಧೂಳು ಹೀರುವ ಯಂತ್ರ ಮಾರುವ ಹುಡುಗನೊಬ್ಬ ನಮ್ಮ ಮನೆಗೇ ಬಂದು ಜಮಖಾನದ ಮೇಲೆ ತೋರಿಸಿದಾಗ ಮಾಮನೂ ಬಂದು ಗಮನವಿಟ್ಟು ನೋಡಿದರು. ಚೆನ್ನಾಗಿದೆ, ಆದರೆ ಇದಕ್ಕೆ ಮನೆಯವರ ಕರೆಂಟು ಬೇಕಲ್ಲ ಎಂದು ಎದ್ದುಹೋದರು. ಮಾರನೆಯ ದಿನ ಸೈಕಲ್ ಪಂಪಿನ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ, ಸೀಟಿನ ಸಂದಿನ ಧೂಳನ್ನು ಊದಿ ಹೊರಹಾಕುವುದನ್ನು ನನಗೆ ನಮ್ಮ ಮನೆಯ ಕುರ್ಚಿಯ ಮೇಲೇ ಮಾಡಿ ತೋರಿಸಿದರು.

ಉಳಿದದ್ದಕ್ಕೆ ಒಂದು ಶನಿವಾರ ಮಧ್ಯಾಹ್ನ ಜೆ.ಸಿ. ರಸ್ತೆಗೆ ಹೊರಟರು. ಇಂಗ್ಲಿಷ್ ಓದಲು ನಾನಿರಲಿ ಎಂದರು. ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಒರೆಸುವ ಮೆತ್ತನೆಯ ಚರ್ಮದ ಮೂರು ತುಂಡು ಮುಂದಿಟ್ಟ ಅಂಗಡಿಯವನು, ಎಲ್ಲಾ ಒಂದೇ ಸಾರ್ ಎಂದ. ಅವರು ಲೋಟದಲ್ಲಿ ನೀರು ಕೇಳಿ, ಒಂದೊಂದರ ಮೂಲೆ ನೆನೆಸಿ, ಹಿಂಡಿ, ಕೆನ್ನೆಗೆ ಒತ್ತಿಕೊಂಡು ನೋಡಿ ಒಂದನ್ನು ಆರಿಸಿದರು. ಆಮೇಲೆ ಮಂಕಾದ ಬಣ್ಣವನ್ನು ತೀಡಿ ಹೊಳಪು ತರಿಸುವ ಕಾಂಪೌಂಡ್ ಪೇಸ್ಟಿನ ಎರಡು ಡಬ್ಬಿ ಬಂದವು, ಒಂದು ತರಿ, ಒಂದು ನುಣುಪು.

"ಯಾವುದು ಯಾವುದು ಓದಿ ಹೇಳಮ್ಮ, ಕನ್ನಡಕ ಬಿಟ್ಟು ಬಂದಿದೀನಿ" ಎಂದರು.

ಕನ್ನಡಕ ಅವರ ಜೇಬಿನಲ್ಲೇ ಇತ್ತು. ಡಬ್ಬಿಯ ಮೇಲಿನ ಅಕ್ಷರವೋ, ನನ್ನ ಹೆಬ್ಬೆರಳಿನಷ್ಟಿತ್ತು. ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಆಟೋ ಅವರಿಗೆ ಕಾಣಲೇ ಇಲ್ಲ. ತೋಳು ಹಿಡಿದು ಎಳೆದೆ. ಬಸ್ಸಿನಲ್ಲಿ ಕುಳಿತ ಮೇಲೆ ಅವರೇ ಹೇಳಿದರು.

"ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲೂ ಮಂಜು ಮಂಜು. ಎರಡು ಸಲ ಗೇಟಿನ ಕಂಬಕ್ಕೆ ತಗಲಿಸಿದೆ, ಅದಕ್ಕೇ ಬಿಡಿಸಿದ್ರು. ತಪ್ಪು ಅವರದಲ್ಲ. ಯಾರಿಗೂ ಹೇಳ್ಬೇಡಮ್ಮ."

"ಹೇಳಲ್ಲ ಮಾಮ."

"ಓಡಿಸೋಕೆ ಕಣ್ಣು ಬೇಕು. ಉಜ್ಜೋಕೆ ಅಂಗೈ ಸಾಕು."

ಅದು ನಿಜವೆಂದು ನಾನೂ ನಂಬಿದೆ. ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ಅವರ ಕರಪತ್ರ ಟೈಪ್ ಮಾಡಿ, ಕಾರ್ಬನ್ ಹಾಕಿ ಪ್ರತಿ ತೆಗೆದುಕೊಟ್ಟೆ. ಅವರು ಅದನ್ನು ಬಸವೇಶ್ವರನಗರದಲ್ಲಿ, ಮಹಾಲಕ್ಷ್ಮಿ ಲೇಔಟಿನಲ್ಲಿ, ಕಾರು ನಿಂತ ಪ್ರತಿ ಗೇಟಿಗೂ ಸಿಕ್ಕಿಸಿ ಬಂದರು. ಸೈಕಲ್ಲನ್ನು ಅವರು ತಳ್ಳಿಕೊಂಡೇ ಹೋಗುತ್ತಿದ್ದರು. ಭಾರ ಜಾಸ್ತಿ, ಹತ್ತಿದರೆ ಟೈರಿಗೆ ಕಷ್ಟ ಎಂದು ಜನರಿಗೆ ಹೇಳುತ್ತಿದ್ದರು.

ಮೂರು ವಾರ ಯಾರೂ ಕರೆಯಲಿಲ್ಲ. ಕೊನೆಗೆ ಬಸವೇಶ್ವರನಗರದಿಂದ ಒಬ್ಬರು ಹೇಳಿಕಳಿಸಿದರು. ನಿವೃತ್ತ ಹೆಡ್‌ಮಿಸ್ಟ್ರೆಸ್. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಕಡುಹಸಿರು ಬಣ್ಣದ ಅಂಬಾಸಿಡರ್ ಅಂದಿನಿಂದ ಮುಸುಕು ಹಾಕಿಕೊಂಡು ಶೆಡ್ಡಿನಲ್ಲೇ ನಿಂತಿತ್ತು. ಕೊಳ್ಳುವವರಿಗೆ ತೋರಿಸುವ ಮೊದಲು ತೊಳೆಸಬೇಕಿತ್ತಂತೆ. ಮೊದಲ ಕೆಲಸ, ಕೊಳೆ ಉಳಿದಿದ್ದರೆ ಹೇಳಲು ಜೊತೆಗೆ ಬಾ ಎಂದು ಮಾಮ ಕರೆದರು. ಭಾನುವಾರ. ನನಗೂ ಹೋಗಲು ಒಂದು ಕಡೆ ಬೇಕಿತ್ತು.

ಅವರು ಆ ಕಾರನ್ನು ತೊಳೆದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಬರಿಯ ನೀರು, ಧೂಳು ತಾನಾಗಿ ಇಳಿದುಹೋಗುವವರೆಗೆ. ಆಮೇಲೆ ಅಂಟುವಾಳದ ನೊರೆ, ಮೇಲಿನಿಂದ ಕೆಳಕ್ಕೆ. ಹಲ್ಲುಜ್ಜುವ ಬ್ರಷ್ಷಿನಿಂದ ಮುಂದಿನ ಜಾಲರಿಯ ಒಂದೊಂದೇ ಕಡ್ಡಿ. ಕೊನೆಗೆ ಕಣ್ಣು ಮುಚ್ಚಿ, ಅಂಗೈಯನ್ನು ಬಾನೆಟ್ಟಿನ ಮೇಲೆ ನಿಧಾನ ಸರಿಸುತ್ತಾ, ಎಲ್ಲಿ ಒರಟಿದೆಯೋ ಅಲ್ಲಿ ನಿಂತು ತೀಡುತ್ತಿದ್ದರು. ಸೀಟಿನ ಸಂದಿನಲ್ಲಿ ಪಂಪು ಊದಿದಾಗ ಒಂದು ಸಣ್ಣ ಬಾಚಣಿಗೆ ಹೊರಬಂತು. ಅದನ್ನು ಒರೆಸಿ ಮೇಡಂಗೆ ಕೊಟ್ಟರು. ಮೇಡಂ ತಮ್ಮ ಗಂಡನ ಆ ಬಾಚಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿದರು.

"ಮಾರೋದು ಬೇಡ ಅನ್ಸುತ್ತೆ. ನೀವು ಪ್ರತಿ ಭಾನುವಾರ ಬಂದು ನೋಡಿಕೊಂಡು ಹೋಗಿ" ಎಂದರು.

ಹೀಗೆ ಶುರುವಾಯಿತು. ಅವರಿಂದ ಇವರಿಗೆ, ಇವರಿಂದ ಇನ್ನೊಬ್ಬರಿಗೆ ಸುದ್ದಿ ಹೋಗಿ ವಾರದಲ್ಲಿ ಮೂರು ನಾಲ್ಕು ಮನೆಗಳಾದವು. ಅಲ್ಲಿಗೆಲ್ಲ ಅವರೊಬ್ಬರೇ ಹೋಗುತ್ತಿದ್ದರು, ಅಲ್ಲಿ ತೊಳೆಯುವುದು, ಒರೆಸುವುದು ಅಷ್ಟೇ. ಭಾನುವಾರ ಮಾತ್ರ ನಾನೂ ಜೊತೆ. ಕಾಂಪೌಂಡ್ ಹಚ್ಚಿ ಬಣ್ಣ ತೀಡುವ ಕೆಲಸವನ್ನು ಅವರು ನಾನಿರುವ ದಿನಕ್ಕೇ ಇಟ್ಟುಕೊಳ್ಳುತ್ತಿದ್ದರು. "ಅಂಚಿನ ಹತ್ರ ಬಣ್ಣ ತೆಳ್ಳಗಿರುತ್ತೆ. ಮಂಕಾಗ್ತಿದೆ ಅನ್ಸಿದ್ರೆ ತಕ್ಷಣ ಕೂಗು" ಎಂದಿದ್ದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ಮೇಡಂ ಜಗಲಿಯಲ್ಲಿ ಮೂವರಿಗೂ ಕಾಫಿ ಕೊಡುತ್ತಿದ್ದರು. ಮೂವರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೂ ಸೋಮವಾರ ಬಂದರೆ ನಾನು ಮುಂದಿನ ಭಾನುವಾರಕ್ಕೆ ದಿನ ಎಣಿಸುತ್ತಿದ್ದೆ.

ಒಂದು ಭಾನುವಾರ ಮೇಡಂ ನನ್ನನ್ನು ಒಳಗೆ ಕರೆದರು. ಉಪ್ಪಿಟ್ಟು ಮಾಡಿದ್ದರು. ತಟ್ಟೆ ಕೊಟ್ಟು, ಎದುರಿಗೆ ಕುಳಿತು, ಅಮ್ಮ ಹೇಗಿದ್ದರು ಎಂದು ಕೇಳಿದರು. ಅಮ್ಮ ಸತ್ತ ಮೇಲೆ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಹೇಳುತ್ತಾ ಹೋದೆ. ಹೊರಗಿನಿಂದ ಮಾಮ ಬಾನೆಟ್ಟು ತೀಡುವ ಸದ್ದು ಕೇಳುತ್ತಲೇ ಇತ್ತು. ಒಮ್ಮೆ "ಅಮ್ಮಾ, ಇಲ್ಲಿ ಬಂದು ಸ್ವಲ್ಪ ನೋಡ್ತೀಯಾ" ಎಂದೂ ಕೇಳಿಸಿತು. ಬಂದೆ ಮಾಮ ಎಂದೆ, ಏಳಲಿಲ್ಲ. ಇನ್ನೊಂದು ಮಾತು ಹೇಳಿಬಿಟ್ಟು ಹೋಗೋಣ ಎನಿಸಿತು...

ಹೊರಗೆ ಬಂದಾಗ ಬಾನೆಟ್ಟಿನ ಅಂಚಿನಲ್ಲಿ ಹಸಿರು ಸವೆದು ಅಂಗೈಯಗಲ ಕೆಳಗಿನ ಕೆಂಪು ಬಣ್ಣ ಕಾಣುತ್ತಿತ್ತು. ಮಾಮ ಇನ್ನೂ ಅಲ್ಲೇ ತೀಡುತ್ತಿದ್ದರು. ಅವರ ಅಂಗೈಗೆ ಅದು ನುಣ್ಣಗೇ ಇತ್ತು.

ಮೇಡಂ ಕಾರಿನ ಹತ್ತಿರ ಬಂದು ನಿಂತರು. ಆ ಹಸಿರು ಬಣ್ಣವನ್ನು ಅವರ ಗಂಡ ತಾವೇ ಮುಂದೆ ನಿಂತು ಹೊಡೆಸಿದ್ದರಂತೆ. ಮೇಡಂ ಕೂಗಾಡಲಿಲ್ಲ. ಮಾಮನ ಎಡಗಡೆ ನಿಂತು ಅವರ ಮುಖದ ಮುಂದೆ ನಿಧಾನವಾಗಿ ಕೈ ಆಡಿಸಿದರು. ಮಾಮನ ಕಣ್ಣು ಕದಲಲಿಲ್ಲ.

"ಕಣ್ಣು ಕಾಣಲ್ಲ ಅಂತ ಮೊದಲೇ ಹೇಳಬೇಕಿತ್ತು ನೀವು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

"ಇಲ್ಲ ಮೇಡಂ" ಎಂದೆ.

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ ಎಂದು ಬಹಳ ಕಾಲ ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೇನೆ. ಅದು ಸುಳ್ಳು. ಆ ಜಗಲಿ, ಆ ಕಾಫಿ, ನನ್ನ ಅಮ್ಮನ ಬಗ್ಗೆ ಕೇಳುವ ಆ ಹೆಂಗಸು ಕೈತಪ್ಪಿ ಹೋಗುತ್ತಾರೆಂದು ಹೆದರಿ ಹಾಗೆಂದೆ. ಮಾಮ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು.

ದಾರಿಯುದ್ದಕ್ಕೂ ಅವರು ಸೈಕಲ್ ತಳ್ಳಿದರು, ನಾನು ಪಕ್ಕದಲ್ಲಿ ನಡೆದೆ. ಮನೆ ಹತ್ತಿರ ಬಂದಾಗ ಅವರೇ ಮಾತಾಡಿದರು.

"ಒಳ್ಳೇದೇ ಮಾಡಿದೆ ಬಿಡಮ್ಮ. ಬೈಸಿಕೊಳ್ಳೋಕೆ ನಾನೊಬ್ಬ ಸಾಕು."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ವಾರದ ನಂತರ ಧೈರ್ಯ ಮಾಡಿ ಒಬ್ಬಳೇ ಮೇಡಂ ಮನೆಗೆ ಹೋದೆ. ಬಾನೆಟ್ಟು ಮೊದಲಿನಂತೆ ಹಸಿರಾಗಿತ್ತು. ಮಾಮ ಮಾರನೆಯ ದಿನವೇ ಪರಿಚಯದ ಪೇಂಟರ್ ಒಬ್ಬರನ್ನು ಕರೆತಂದು ಸರಿಮಾಡಿಸಿದ್ದರಂತೆ. "ಆ ಹುಡುಗಿಗೆ ಏನೂ ಗೊತ್ತಿರ್ಲಿಲ್ಲ, ಅವಳನ್ನ ತಪ್ಪು ತಿಳ್ಕೋಬೇಡಿ" ಎಂದು ಹೇಳಿ ಹೋಗಿದ್ದರಂತೆ. ನಾನು ಅಳುತ್ತಾ ನಿಜ ಹೇಳಿದೆ. ಮೇಡಂ ಕೇಳಿಸಿಕೊಂಡು, "ಇದನ್ನ ನನಗೆ ಹೇಳಿ ಏನು ಬಂತಮ್ಮ? ಅವರ ಹತ್ರ ಹೇಳು" ಎಂದರು. ಕಾಫಿ ಕೊಡಲಿಲ್ಲ.

ಅವರ ಹತ್ತಿರ ಹೇಳುವುದಕ್ಕೆ ದೂರವೇನೂ ಹೋಗಬೇಕಿರಲಿಲ್ಲ. ಅವರು ಅದೇ ಹಿಂದಿನ ಕೋಣೆಯಲ್ಲಿದ್ದರು. ಕೆಲಸ ಬಿಟ್ಟಿದ್ದರು, ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ದಿನ ಬಿಟ್ಟು ದಿನ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆವು. "ಆಫೀಸಿಗೆ ಹೊತ್ತಾಯ್ತಲ್ಲಮ್ಮ, ನೀನು ಮೊದಲು ಹಿಡ್ಕೋ" ಎನ್ನುತ್ತಿದ್ದರು. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಬಿಂದಿಗೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹೀಗೇ ಮೂರು ತಿಂಗಳು ಕಳೆಯಿತು. ಒಂದು ದಿನ ಕಚೇರಿಯಿಂದ ಬಂದರೆ ಕೋಣೆಗೆ ಬೀಗ ಬಿದ್ದಿತ್ತು. ಕೆಂಗೇರಿ ಆಚೆಯ ಹಳ್ಳಿಯಲ್ಲಿದ್ದ ಅವರ ತಂಗಿಯ ಮಗ ಬಂದು ಕರೆದುಕೊಂಡು ಹೋಗಿದ್ದ.

"ನಿನ್ನ ಕೇಳಿದ್ರು" ಎಂದರು ಅತ್ತಿಗೆ. "ಬರೋದು ಆರು ಗಂಟೆ ಆಗುತ್ತೆ ಅಂದೆ. ಸ್ವಲ್ಪ ಹೊತ್ತು ಕಾದ್ರು. ಆಮೇಲೆ ಸರಿ ಅಂತ ಹೊರಟ್ರು."

ಮರುವರ್ಷ ನನ್ನ ಮದುವೆಯಾಯಿತು, ಊರು ಬಿಟ್ಟೆ. ಆ ಹಳ್ಳಿಗೆ ನಾನು ಹೋದದ್ದು ಐದು ವರ್ಷಗಳ ಮೇಲೆ, ವಿಳಾಸ ಕೇಳಿಕೊಂಡು, ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದು. ಬಾಗಿಲಿಗೆ ಬಂದ ಅವರ ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಣ್ಣ ಹೋಗಿ ಎರಡು ವರ್ಷ ಆಯ್ತಲ್ಲವ್ವ. ಕಣ್ಣು ಪೂರ್ತಿ ಹೋಗ್ಬಿಟ್ಟಿತ್ತು. ಆದ್ರೂ ಬೆಳಗಾದ್ರೆ ನಮ್ಮ ಹುಡುಗನ ಸ್ಕೂಟರ್ ಒರೆಸ್ತಾ ಕೂತಿರೋರು. ಯಾರು ಬಂದ್ರೂ, ಕೊಳೆ ಉಳಿದಿದ್ಯಾ, ಒಸಿ ನೋಡಿ ಹೇಳಿ ಅನ್ನೋರು."

"ಯಾರಾದ್ರೂ ನೋಡಿ ಹೇಳ್ತಿದ್ರಾ?" ಎಂದು ಕೇಳಿದೆ.

"ಯಾರಿಗವ್ವ ಪುರುಸೊತ್ತು?" ಎಂದರು.

ಆಕೆ ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಈಗ ಆ ಹೊಲದ ದಾರಿಯ ಮೇಲೆ ಲೇಔಟು ಎದ್ದಿದೆ, ಮನೆ ಎಲ್ಲಿತ್ತೆಂದು ತೋರಿಸಲಾರೆ. ಮೇಡಂ ಕೂಡ ಇಲ್ಲ. ನಾನು ಮಗನ ಜೊತೆ ರಾಜರಾಜೇಶ್ವರಿನಗರದಲ್ಲಿದ್ದೇನೆ. ಮಾಮನ ಅಂದಿನ ವಯಸ್ಸನ್ನು ದಾಟಿ ಎಷ್ಟೋ ವರ್ಷವಾಯಿತು. ಅವರಿಗೆ ಹೇಳಬೇಕಿದ್ದದ್ದು ದೊಡ್ಡ ಮಾತೇನಲ್ಲ. ನಿಮ್ಮ ಮುಂದೆಯೇ ಸುಳ್ಳು ಹೇಳಿಬಿಟ್ಟೆ ಮಾಮ, ಕರೆದಾಗ ಎದ್ದು ಬರಲಿಲ್ಲ... ಇಷ್ಟೇ. ಇವತ್ತು ಇದನ್ನು ಬರೆಯಲು ಕೂರುವ ಮೊದಲು, ಕೋಣೆಯಲ್ಲಿ ಯಾರೂ ಇಲ್ಲದಾಗ, ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದೆ.

ಒಳಗಿನಿಂದ ಸೊಸೆ, "ಕರೆದ್ರಾ ಅತ್ತೆ?" ಎಂದಳು.

ಏನಿಲ್ಲ ಕಣೇ ಎಂದೆ.