ಎವರಿಸ್ಟೊ ಕಾಣದೆ ಕೊಟ್ಟ ಔಟ್

ಮಸಟೆಪೆ ಊರಿನ ಚೌಕದ ಮೂಲೆಯಲ್ಲಿ ಸಿರಿಲೊನ ಕ್ಷೌರದಂಗಡಿ. ಅಲ್ಲಿ ಕೂದಲು ಕತ್ತರಿಸಿಕೊಳ್ಳಲು ಬರುವವರಿಗಿಂತ ಜಗಳವಾಡಲು ಬರುವವರೇ ಹೆಚ್ಚು. ಜಗಳ ಯಾವಾಗಲೂ ಒಂದೇ: ಈ ಊರು ಕಂಡ ಬೇಸ್‌ಬಾಲ್ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಮೇಲಿನ ಕೇರಿಯವರು ಲಿಸಾಂಡ್ರೊ ಎನ್ನುತ್ತಿದ್ದರು, ಕೆಳಗಿನ ಕೇರಿಯವರು ಟೊರಿಬಿಯೊ ಎನ್ನುತ್ತಿದ್ದರು. ಸರ್ಕಾರಗಳು ಬದಲಾದವು, ಚೌಕದ ಮರಗಳು ಒಂದೆರಡು ಉರುಳಿದವು, ಸಿರಿಲೊನ ಅಪ್ಪ ತೀರಿಕೊಂಡು ಸಿರಿಲೊ ಕತ್ತರಿ ಹಿಡಿದ. ಜಗಳ ಮಾತ್ರ ನಿಂತಿರಲಿಲ್ಲ.

ಆ ಅಂಗಡಿಗೆ ತಿಂಗಳಿಗೊಮ್ಮೆ ಬಂದು, ತುಟಿ ಎರಡು ಮಾಡದೆ ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದವನು ಎವರಿಸ್ಟೊ ನ್ಯಾಮೆಂದಿ ಒಬ್ಬನೇ. ವಾರವಿಡೀ ಅವನು ತೂಗುಕುರ್ಚಿ ಮಾಡುವ ಬಡಗಿ, ಭಾನುವಾರ ಬೇಸ್‌ಬಾಲ್ ಅಂಪೈರ್. ಅಂಪೈರ್ ಆದವನಿಗೆ ಮೆಚ್ಚಿನ ಆಟಗಾರ ಇರಕೂಡದು ಎಂಬುದು ಅವನ ಪಟ್ಟು. ಇದ್ದರೂ ಬಾಯಿ ಬಿಡಕೂಡದು.

ಅವನನ್ನು ಅಂಪೈರ್ ಮಾಡಿದ್ದೂ ಈ ಗುಣವೇ. ಎಂಬತ್ತಾರರಲ್ಲಿ, ಯುದ್ಧದ ಕಾಲದಲ್ಲಿ, ಊರಿನ ಅಂಪೈರ್‌ನನ್ನು ಪಡೆಗೆ ಕರೆಸಿಕೊಂಡಿದ್ದರು. ಪಂದ್ಯಗಳನ್ನು ನಡೆಸುತ್ತಿದ್ದ ಔಷಧಿ ಅಂಗಡಿಯ ಮುದುಕ ಎವರಿಸ್ಟೊನನ್ನು ಹುಡುಕಿಕೊಂಡು ಬಂದ. ಎವರಿಸ್ಟೊ ಕುರ್ಚಿಯ ಕಾಲೊಂದನ್ನು ಉಜ್ಜಿ ನುಣುಪು ಮಾಡುತ್ತಿದ್ದ.

"ನಿಂಗೆ ಯಾವ ಟೀಮ್ ಇಷ್ಟವಯ್ಯಾ?" ಎಂದು ಮುದುಕ ಕೇಳಿದ.

"ಚೆನ್ನಾಗಿ ಆಡೋದು ಯಾವುದಾದ್ರೂ ಸರಿ."

"ಅದು ಯಾವುದು?"

ಎವರಿಸ್ಟೊ ಉಜ್ಜುವುದನ್ನು ಮುಂದುವರಿಸಿದ. "ನೀನೇ ಸರಿ," ಎಂದು ಮುದುಕ ಎದ್ದುಹೋದ. ಮುಂದಿನ ಮೂವತ್ತೊಂದು ವರ್ಷ ಎವರಿಸ್ಟೊ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮದುವೆಯಾಗಿದ್ದೂ ಶನಿವಾರವೇ. ಅವನ ಹೆಂಡತಿ ಎರ್ಲಿಂದಾ ಪ್ರತಿ ಪಂದ್ಯಕ್ಕೂ ಹೋಗಿ ಮೈದಾನದ ಅಂಚಿನ ಮೂರನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸುತ್ತಲಿನವರು ಅವಳ ಗಂಡನ ಕಣ್ಣು, ಬುದ್ಧಿ, ಹೆತ್ತ ತಾಯಿ ಎಲ್ಲವನ್ನೂ ಸೇರಿಸಿ ಬೈಯುವಾಗ ಅವಳು ಸುಮ್ಮನೆ ಹುರಿಗಡಲೆ ತಿನ್ನುತ್ತಿದ್ದಳು.

ತೊಂಬತ್ತಮೂರರ ಮಾರ್ಚ್‌ನಲ್ಲಿ ಎರಡು ಕೇರಿಗಳೂ ಫೈನಲ್‌ಗೆ ಬಂದವು. ಮಳೆ ಕಂಡು ನಾಲ್ಕು ತಿಂಗಳಾಗಿ ಮೈದಾನದ ಮಣ್ಣು ಹಿಟ್ಟಾಗಿತ್ತು. ಕೊನೆಯ ಸರದಿಯಲ್ಲಿ ಮೇಲಿನ ಕೇರಿ ಒಂದು ರನ್ ಮುಂದಿತ್ತು. ಇನ್ನೊಂದು ಔಟ್ ಆದರೆ ಕೆಳಗಿನ ಕೇರಿಯ ಕತೆ ಮುಗಿಯಿತು. ಅವರ ಆಸೆಯೆಲ್ಲ ಓಟದ ಅರ್ಧ ದಾರಿಯಲ್ಲಿ, ಎರಡನೆಯ ಬೇಸಿನ ಮೇಲೆ ನಿಂತಿದ್ದ ಟೊರಿಬಿಯೊ ಮೇಲೆ. ಅವನ ಓಟ ನೋಡಿದವರು ಅವನಿಗೆ ಜಿಂಕೆ ಎಂದು ಹೆಸರಿಟ್ಟಿದ್ದರು. ಇತ್ತ ಹೋಂ ಪ್ಲೇಟಿನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದವನು ಚೆಂಡು ಹಿಡಿಯುವ ಕ್ಯಾಚರ್ ಲಿಸಾಂಡ್ರೊ. ಅವನನ್ನು ದಾಟಿ ಏನೂ ಹೋಗುವುದಿಲ್ಲವೆಂದು ಅವನಿಗೆ ಗೋಡೆ ಎಂಬ ಹೆಸರು. ಗೋಡೆಯ ಬೆನ್ನಿಗೆ ಒಂದಡಿ ದೂರದಲ್ಲಿ ಎವರಿಸ್ಟೊ.

ಹೊಡೆದ ಚೆಂಡು ಬಲಕ್ಕೆ ಹಾರಿತು. ಟೊರಿಬಿಯೊ ಮೂರನೆಯ ಬೇಸನ್ನು ಸುತ್ತಿ ನೇರ ಹೋಂ ಪ್ಲೇಟಿಗೆ ನುಗ್ಗಿದ. ನೆಲದಲ್ಲಿ ಹೂತ ಬಿಳಿ ಪ್ಲೇಟನ್ನು ಅವನು ಮುಟ್ಟಿದರೆ ಸೇಫ್, ಪಂದ್ಯ ಸಮ. ಅದಕ್ಕೆ ಮೊದಲು ಲಿಸಾಂಡ್ರೊ ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಿದರೆ ಔಟ್. ಚೆಂಡೂ ಟೊರಿಬಿಯೊನೂ ಒಟ್ಟಿಗೇ ಬಂದರು, ಇಬ್ಬರು ಆಟಗಾರರೂ ಒಬ್ಬರ ಮೇಲೊಬ್ಬರು ಉರುಳಿದರು, ಧೂಳು ಮುಗಿಲಿಗೆದ್ದಿತು. ಅದು ಇಳಿಯುವಾಗ ಲಿಸಾಂಡ್ರೊ ಚೆಂಡು ಹಿಡಿದ ಕೈಯನ್ನು ಮೇಲೆತ್ತಿದ್ದ. ಎವರಿಸ್ಟೊ ಮುಷ್ಟಿ ಎತ್ತಿ "ಔಟ್!" ಎಂದ.

ಅಲ್ಲಿಂದ ಮುಂದೆ ಸಿರಿಲೊನ ಅಂಗಡಿಯ ಜಗಳವೆಲ್ಲ ಆ ಒಂದು ಔಟಿನ ಸುತ್ತಲೇ ತಿರುಗಿತು. "ಓಡ್ತಿದ್ದ, ಯಾರು ಇಲ್ಲ ಅಂದ್ರು? ಬೇಕಾದಾಗ ಗೋಡೆಗೆ ಡಿಕ್ಕಿ ಹೊಡ್ದ," ಎಂದು ಮೇಲಿನ ಕೇರಿಯ ಬೇಕರಿ ನಿಕಾನೋರ್ ಹೇಳಿದರೆ, ಕೆಳಗಿನ ಕೇರಿಯ ಚಮ್ಮಾರ ಪಾನ್ಫಿಲೊ, "ಅಂಪೈರ್ ಕಣ್ಣಲ್ಲಿ ಮರದ ಪುಡಿ ಇತ್ತು," ಎನ್ನುತ್ತಿದ್ದ. ಲಿಸಾಂಡ್ರೊ ಆಟ ಬಿಟ್ಟ ಮೇಲೆ ಬೋಟಿ ಸಾರಿನ ಹೋಟೆಲಿಟ್ಟು, ಅದರ ಗೋಡೆಗೆ ಆ ಔಟಿನ ಚಿತ್ರ ಬರೆಸಿದ. ಟೊರಿಬಿಯೊ ಕೆಲವು ವರ್ಷ ಕೋಸ್ಟರಿಕಾದಲ್ಲಿ ಕಟ್ಟಡದ ಕೆಲಸ ಮಾಡಿ, ಹಿಂದಿರುಗಿ ಆಟೊ ಓಡಿಸತೊಡಗಿದ. ಆ ಹೋಟೆಲಿರುವ ಬೀದಿಗೆ ಬಾಡಿಗೆ ಬಂದರೆ ತಿರುವಿನಲ್ಲೇ ಇಳಿಸಿಬಿಡುತ್ತಿದ್ದ. ಅವನೂ ಲಿಸಾಂಡ್ರೊನೂ ಇಪ್ಪತ್ತನಾಲ್ಕು ವರ್ಷ ಮಾತಾಡಲಿಲ್ಲ.

ಎವರಿಸ್ಟೊಗೆ ಅರವತ್ತೆರಡಾದಾಗ ಕಣ್ಣಿಗೆ ಪೊರೆ ಬಂದು ಅಂಪೈರ್ ಕೆಲಸ ಬಿಡಬೇಕಾಯಿತು. ಕೊನೆಯ ಪಂದ್ಯದ ದಿನ ಅವನಿಗೊಂದು ಫಲಕ ಕೊಟ್ಟು ಚಪ್ಪಾಳೆ ತಟ್ಟಿದರು. ಮರುದಿನ ಕ್ಷೌರಕ್ಕೆ ಹೋದ. ಕುತ್ತಿಗೆಗೆ ಬಟ್ಟೆ ಕಟ್ಟುತ್ತಲೇ ಸಿರಿಲೊ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದವರ ಕಡೆ ಕಣ್ಣು ಮಿಟುಕಿಸಿದ. ಇಡೀ ಬೆಂಚು ತಿರುಗಿ ಕೂತಿತು.

"ಈಗ ನೀವು ಅಂಪೈರ್ ಅಲ್ಲ, ದೋನ್ ಎವರಿಸ್ಟೊ," ಎಂದ ನಿಕಾನೋರ್, ಹಿರಿಯರಿಗೆ ಸಲ್ಲುವ 'ದೋನ್' ಸೇರಿಸಿ. "ಇಬ್ರನ್ನೂ ಒಂದಡಿ ದೂರದಿಂದ ನೋಡ್ದೋರು ಭೂಮಿ ಮೇಲೆ ನೀವೊಬ್ರೇ. ಹೇಳ್ಬಿಡಿ. ಗೋಡೆನೋ ಜಿಂಕೆನೋ?"

"ಹೇಳ್ದಿದ್ರೆ ಅರ್ಧ ಕತ್ತರಿಸಿ ಬಿಟ್ಬಿಡ್ತೀನಿ," ಎಂದ ಸಿರಿಲೊ.

"ಶನಿವಾರ ಹೇಳ್ತೀನಿ," ಎಂದ ಎವರಿಸ್ಟೊ. ಅಷ್ಟಕ್ಕೇ ಅಂಗಡಿಯಲ್ಲಿ ಕೂಗೆದ್ದಿತು. ಶನಿವಾರ ಹೇಳುವುದಕ್ಕೆ ಏನಾದರೂ ಇದೆಯಲ್ಲ ಎಂಬುದೇ ಅವರಿಗೆ ಸಾಕಾಗಿತ್ತು.

ಎವರಿಸ್ಟೊ ಅಂದು ಮನೆಗೆ ಬಂದಾಗ ಮಗಳು ಅರಾಸೆಲಿ ಆಟದ ನಿಯಮಗಳ ಪುಸ್ತಕ ಹಿಡಿದು ಊಟಕ್ಕೆ ಕೂತಿದ್ದಳು. ಅವಳು ಶಾಲೆಯಲ್ಲಿ ಆಟದ ಟೀಚರ್, ವಯಸ್ಸು ಇಪ್ಪತ್ತೆಂಟು. ಹತ್ತಿರದ ಮಸಾಯಾ ನಗರಕ್ಕೆ ಹೋಗಿ ಅಂಪೈರ್ ತರಬೇತಿ ಮುಗಿಸಿದ್ದಳು. ತಾನು ಇಳಿದ ಜಾಗಕ್ಕೆ ಮಗಳು ನಿಲ್ಲುತ್ತಾಳೆಂಬುದು ಎವರಿಸ್ಟೊಗೆ ಹೆಮ್ಮೆಯೂ ಹೌದು, ಅಳುಕೂ ಹೌದು.

"ಅಪ್ಪಾ, ಒಂದು ಕೇಳ್ಲಾ? ಪುಸ್ತಕದಲ್ಲಿ ಇಲ್ಲ ಇದು. ಧೂಳೆದ್ದು ಏನೂ ಕಾಣ್ದೇ ಹೋದ್ರೆ ಏನ್ ಹೇಳೋದು?"

"ಏನಾದ್ರೂ ಒಂದು ಹೇಳ್ಬೇಕು. ಅಂಪೈರ್ ತಡವರಿಸಿದ್ರೆ ಜನ ಮೈದಾನಕ್ಕೆ ಇಳೀತಾರೆ."

"ಕಾಣ್ದೇ ಇದ್ರೂನಾ?"

ಎವರಿಸ್ಟೊ ತಟ್ಟೆ ಬಿಟ್ಟು ಎದ್ದ. ಮನೆ ಪಕ್ಕದ ಮರಗೆಲಸದ ಶೆಡ್ಡಿಗೆ ಹೋಗಿ ಕುರ್ಚಿಯ ಕೈಯೊಂದನ್ನು ಉಜ್ಜತೊಡಗಿದ. ಅದು ಬೆರಳಿನಷ್ಟು ತೆಳ್ಳಗಾಗಿ ಕೆಲಸಕ್ಕೆ ಬಾರದಂತಾದದ್ದು ಅವನಿಗೆ ಗೊತ್ತಾಗಲೇ ಇಲ್ಲ. ಅರಾಸೆಲಿ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ತೊಂಬತ್ಮೂರರ ಔಟ್," ಎಂದ ಅವನು ನೆಲ ನೋಡುತ್ತ. "ನಂಗದು ಕಾಣ್ಲಿಲ್ಲಮ್ಮಾ. ಅವ್ನ ಕೈಲಿ ಚೆಂಡಿತ್ತು, ಔಟ್ ಅಂದೆ. ಅಷ್ಟೇ."

ಅವಳು ಆ ಮರದ ತುಂಡನ್ನು ಮೂಲೆಗಿಟ್ಟಳು. ಆಮೇಲೆ, "ನಂಗೆ ಹೇಳಿದ್ರೆ ಏನ್ ಬಂತು? ಹೇಳ್ಬೇಕಾದೋರಿಗೆ ಹೇಳಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅಂದು ಸಂಜೆ ಪುಸ್ತಕ ಓದಲು ಅಪ್ಪನ ಹತ್ತಿರ ಬಂದು ಕೂರಲಿಲ್ಲ.

ಶನಿವಾರ ಸಿರಿಲೊನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎವರಿಸ್ಟೊ ಕೂರಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ನಿಂತ. "ಯಾರು ದೊಡ್ಡೋನು ಅನ್ನೋಕ್ ಮೊದ್ಲು ಇನ್ನೊಂದು ಮಾತಿದೆ," ಎಂದ. "ಫೈನಲ್‌ದು ಆ ಔಟ್ ಇದ್ಯಲ್ಲ, ನಾನದನ್ನ ನೋಡ್ಲಿಲ್ಲ. ಧೂಳಿತ್ತು. ಊಹೆ ಮೇಲೆ ಕೊಟ್ಟೆ."

ಸಿರಿಲೊನ ಕತ್ತರಿ ಗಿರಾಕಿಯ ಕಿವಿಯ ಹತ್ತಿರ ನಿಂತುಬಿಟ್ಟಿತು.

"ಊಹೆ!" ಎಂದು ಪಾನ್ಫಿಲೊ ಎದ್ದ. "ಇಪ್ಪತ್ನಾಕು ವರ್ಷ ಈ ನಿಕಾನೋರ್ ಕೈಲಿ ಅನ್ನಿಸ್ಕೊಂಡಿದ್ದೀನಿ, ಊಹೆಯಂತೆ!"

"ಅವ್ರಿಗೆ ವಯಸ್ಸಾಯ್ತು, ಮರೆವು," ಎಂದ ನಿಕಾನೋರ್. ಅವನ ಮುಖ ಕೆಂಪಾಗಿತ್ತು.

"ಮರೆತಿದ್ರೆ ಚೆನ್ನಾಗಿತ್ತು," ಎಂದು ಎವರಿಸ್ಟೊ ಹೊರಟುಬಂದ. ಯಾರು ದೊಡ್ಡವನೆಂಬ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ.

ಮೂರು ದಿನ ಮೇಲಿನ ಕೇರಿಯವರು ಅವನನ್ನು ಕಂಡು ಮುಖ ತಿರುಗಿಸಿದರು, ಕೆಳಗಿನ ಕೇರಿಯವರು ಕಂಡು ಬೈದರು. ಬೈದದ್ದೇ ವಾಸಿ ಅನ್ನಿಸಿತು ಅವನಿಗೆ. ಟೊರಿಬಿಯೊನ ಆಟೊ ಎರಡು ಸಲ ಮನೆ ಮುಂದೆ ನಿಧಾನವಾಗಿ ಹಾದುಹೋಯಿತು, ನಿಲ್ಲಲಿಲ್ಲ.

ಬುಧವಾರ ಬೆಳಿಗ್ಗೆ ನಿಂತಿತು. ಟೊರಿಬಿಯೊ ಇಳಿದು ಶೆಡ್ಡಿನೊಳಗೆ ಬಂದ. ಕೂದಲು ಬೆಳ್ಳಗಾಗಿತ್ತು, ಒಂದು ಕಾಲು ಎಳೆಯುತ್ತಿದ್ದ. ಎವರಿಸ್ಟೊ ಎದ್ದು ನಿಂತ.

"ಬೈಯೋದಿದ್ರೆ ಬೈದ್ಬಿಡು, ಟೊರಿಬಿಯೊ. ಹೊಡೆಯೋದಿದ್ರೂ ಸರಿ."

"ಕೂತ್ಕೊಳ್ಳಿ ದೋನ್ ಎವರಿಸ್ಟೊ, ಕಾಲು ನೋಯ್ತಿದೆ, ನಾನೂ ಕೂತ್ಕೊಳ್ತೀನಿ." ಅರ್ಧ ಮಾಡಿದ್ದ ತೂಗುಕುರ್ಚಿಯ ಮೇಲೆ ಅವನು ಕೂತ. "ಮೂರು ದಿನದಿಂದ ನಿದ್ದೆ ಇಲ್ಲ. ನಮ್ಮ ಕೇರಿಯವ್ರು ನನ್ನ ಹೊತ್ಕೊಂಡು ಮೆರವಣಿಗೆ ಮಾಡೋಕೆ ರೆಡಿಯಾಗಿದ್ದಾರೆ. ಜಿಂಕೆ ಸೇಫ್ ಆಗಿದ್ದ ಅಂತ." ಅವನು ಕೈಯಿಂದ ಮುಖ ಒರೆಸಿಕೊಂಡ. "ನಾನು ಪ್ಲೇಟ್ ಮುಟ್ಲಿಲ್ಲ."

"ಏನಂದೆ?"

"ಮುಟ್ಲಿಲ್ಲ. ಕಾಲು ಅದ್ರ ಮೇಲಿಂದ ಹಾರ್ತು. ನಂಗೊತ್ತಿತ್ತು. ಆದ್ರೂ ಅವತ್ತು 'ಸೇಫ್, ಸೇಫ್' ಅಂತ ಬಾಯ್ಬಡ್ಕೊಂಡೆ, ಎಲ್ರೂ ಬಡ್ಕೊಳ್ತಾರಲ್ಲ ಹಾಗೆ. ಆಮೇಲೆ ಜನ ನಿಮ್ಮನ್ನ ಬೈದಾಗ್ಲೆಲ್ಲ ಸುಮ್ನಿದ್ದೆ. ನಿಮ್ಮಮ್ಮನ ಮಣ್ಣಿಗೆ ಬಂದಾಗ್ಲೂ ಹೇಳೋಣ ಅನ್ಕೊಂಡೆ. ಬಾಯಿ ಬರ್ಲಿಲ್ಲ."

ಎವರಿಸ್ಟೊಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಡುಗೆಯ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡ ದಪ್ಪ ಮನುಷ್ಯ, ಲಿಸಾಂಡ್ರೊ. ಅವನೂ ಎವರಿಸ್ಟೊನನ್ನು ಹುಡುಕಿಕೊಂಡೇ ಬಂದಿದ್ದ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ.

"ಏನ್ ಹೇಳ್ದೆ ಇನ್ನೊಂದ್ಸಲ ಹೇಳೋ," ಎಂದ ಟೊರಿಬಿಯೊಗೆ.

"ಕಿವುಡ ಆಗಿದ್ದೀಯಾ? ಪ್ಲೇಟ್ ಮುಟ್ಲಿಲ್ಲ ಅಂದೆ. ನೀನೇ ಗೆದ್ದೆ, ಖುಷಿ ಪಡು."

ಲಿಸಾಂಡ್ರೊ ಮರದ ದಿಮ್ಮಿಯ ಮೇಲೆ ಕುಸಿದು ಕೂತ. "ನಾನೂ ನಿನ್ನ ಮುಟ್ಲಿಲ್ಲ ಕಣೋ," ಎಂದ. "ನೀನು ಬಂದು ಬಿದ್ದ ರಭಸಕ್ಕೆ ಚೆಂಡು ಕೈಯಿಂದ ಜಾರಿ ಹೊಟ್ಟೆ ಕೆಳಗೆ ಹೋಯ್ತು. ತಡಕಾಡಿ ತಗೊಂಡು ಕೈ ಎತ್ದೆ. ಅಷ್ಟ್ರಲ್ಲಿ ಇವ್ರು ಔಟ್ ಅಂದ್ರು. ಮೇಲಿನ ಕೇರಿ ಪೂರ್ತಿ ನನ್ನ ಮೇಲೆ ಬಿತ್ತು. ಆ ಸಂಭ್ರಮದಲ್ಲಿ ಯಾರಿಗೆ ಹೇಳ್ಲಿ? ಆಮೇಲೆ ಗೋಡೆಗೆ ಚಿತ್ರ ಬರ್ಸು ಅಂತ ನನ್ ಹೆಂಡ್ತಿ ಕೂತ್ಲು. ದಿನಾ ಅದ್ರ ಕೆಳಗೆ ನಿಂತು ಸಾರು ಬಡಿಸ್ತೀನಿ, ತಲೆ ಎತ್ತಿ ನೋಡಲ್ಲ."

ಎವರಿಸ್ಟೊ ಮಗಳನ್ನು ಕೂಗಿ ಕರೆದ. "ಅರಾಸೆಲಿ, ಓಡಿ ಬಂದೋನು ಪ್ಲೇಟ್ ಮುಟ್ಲಿಲ್ಲ, ಕ್ಯಾಚರ್ ಅವ್ನನ್ನ ಮುಟ್ಲಿಲ್ಲ. ಏನದು?"

ಅವಳಿಗೆ ಪುಸ್ತಕ ನೋಡಬೇಕಾಗಲಿಲ್ಲ. "ಔಟೂ ಅಲ್ಲ, ಸೇಫೂ ಅಲ್ಲ. ಇಬ್ರಲ್ಲಿ ಒಬ್ರು ತಿರುಗಿ ಬಂದು ಮುಟ್ಟೋವರ್ಗೂ ಅಂಪೈರ್ ಬಾಯಿ ಮುಚ್ಕೊಂಡು ಕಾಯ್ಬೇಕು."

"ಹಾಗಾದ್ರೆ ಆಟ ಇನ್ನೂ ಮುಗ್ದಿಲ್ಲ," ಎಂದ ಲಿಸಾಂಡ್ರೊ.

"ನಡಿ, ಮೈದಾನಕ್ಕೆ ಹೋಗಿ ಮುಟ್ಟಿ ಬರ್ತೀನಿ," ಎಂದ ಟೊರಿಬಿಯೊ.

"ಆ ಕಾಲಲ್ಲಿ? ನೀನು ಹೋಗಿ ಮುಟ್ಟೋಷ್ಟ್ರಲ್ಲಿ ನಾನು ಎರಡು ಪಾತ್ರೆ ಸಾರು ಮಾಡ್ತೀನಿ!"

ಟೊರಿಬಿಯೊ ಮೊದಲು ನಕ್ಕ. ಆಮೇಲೆ ಲಿಸಾಂಡ್ರೊನ ಹೊಟ್ಟೆ ಕುಣಿಯತೊಡಗಿತು. ಎವರಿಸ್ಟೊ ಮಾತ್ರ ಕಣ್ಣೊರೆಸಿಕೊಂಡ. ಅರಾಸೆಲಿ ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟು ನಿಂತಳು.

ಅಂದು ಮಧ್ಯಾಹ್ನ ಟೊರಿಬಿಯೊನ ಆಟೊದಲ್ಲಿ ಮೂವರೂ ಒತ್ತರಿಸಿಕೊಂಡು ಕೂತು ಸಿರಿಲೊನ ಅಂಗಡಿಗೆ ಹೋದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಿಕಾನೋರ್‌ಗೂ ಪಾನ್ಫಿಲೊಗೂ ಒಮ್ಮೆಲೇ ಮಾತು ನಿಂತುಹೋಯಿತು. ಹೀಗಾದದ್ದು ಅದೇ ಮೊದಲೆಂದು ಸಿರಿಲೊ ಇವತ್ತಿಗೂ ಹೇಳುತ್ತಾನೆ. ಆದರೆ ಎಷ್ಟು ಹೊತ್ತು? ಪಾನ್ಫಿಲೊ ತಲೆ ಕೆರೆದುಕೊಳ್ಳುತ್ತ ಕೇಳಿಯೇಬಿಟ್ಟ: "ಅದಿರ್ಲಿ. ಆ ಔಟ್ ಲೆಕ್ಕಕ್ಕಿಲ್ಲ ಅನ್ಕೊಳ್ಳಿ. ಯಾರು ದೊಡ್ಡೋನು?"

ಎವರಿಸ್ಟೊ ಇಬ್ಬರನ್ನೂ ನೋಡಿದ. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಲಿಸಾಂಡ್ರೊ," ಎಂದ.

"ಅಯ್ಯೋ ನಿಮ್ಮ!" ಎಂದು ಟೊರಿಬಿಯೊ ತಲೆ ಚಚ್ಚಿಕೊಂಡ. "ನಿಮ್ಗೆ ಆಗ್ಲೂ ಕಣ್ಣಿರ್ಲಿಲ್ಲ, ಈಗ್ಲೂ ಇಲ್ಲ!"

"ಕೇಳೋ ಇಲ್ಲಿ!" ಎಂದ ಎವರಿಸ್ಟೊ. "ಹೆರಿಬೆರ್ಟೊ ಅಂತ ಮೇಲಿನ ಕೇರೀಲಿ ಚೆಂಡೆಸೆಯೋ ಹತ್ತೊಂಬತ್ತು ವರ್ಷದ ಪಿಚರ್ ಇದ್ನಲ್ಲ, ಜನ ಕೂಗಿದ್ರೆ ಕೈ ನಡುಗ್ತಿತ್ತು ಅವ್ನಿಗೆ. ಆಗ್ಲೆಲ್ಲ ಈ ಲಿಸಾಂಡ್ರೊ ಎದ್ದು ತನ್ನ ಶೂ ದಾರ ಕಟ್ತಿದ್ದ. ಬಿಚ್ಚೇ ಇರ್ತಿರ್ಲಿಲ್ಲ ಅದು! ಕಟ್ಟಿದ್ದನ್ನೇ ಬಿಚ್ಚಿ, ಬಿಚ್ಚಿದ್ದನ್ನೇ ಕಟ್ಟಿ, ಅವ್ನ ಉಸಿರು ಸರಿಯಾಗೋವರ್ಗೂ. ಮೆಟ್ಟಿಲ ಮೇಲೆ ಕೂತೋರಿಗೆ ಇದು ಕಾಣಲ್ಲ. ನಂಗೆ ಕಂಡಿದೆ."

"ದಾರ ಕಟ್ಟೋದ್ರಲ್ಲಿ ದೊಡ್ಡೋನು ಅನ್ನಿ ಹಾಗಾದ್ರೆ!" ಎಂದ ಪಾನ್ಫಿಲೊ. ಎವರಿಸ್ಟೊ ಟೋಪಿಯನ್ನು ಬೆಂಚಿಗೆ ಬಡಿದು ಅವನ ಕಡೆ ತಿರುಗಿದ. ಮೂವತ್ತೊಂದು ವರ್ಷ ಕೇಳಿಸಿಕೊಂಡೇ ಇದ್ದ ಮನುಷ್ಯನ ದನಿ ಚೌಕದ ಆಚೆಗೂ ಕೇಳಿತು. ಅವನ ಮಾತಿಗೆ ಅಲ್ಲಿ ಯಾರೂ ತಲೆಬಾಗಲಿಲ್ಲ. ಎರಡು ನಿಮಿಷದಲ್ಲಿ ಅವನೂ ಉಳಿದವರಂತೆ ಒಬ್ಬ ಜಗಳಗಂಟನಾದ. ಅಷ್ಟು ಹಗುರವಾಗಿ ಅವನು ಯಾವತ್ತೂ ಉಸಿರಾಡಿರಲಿಲ್ಲ.

ಆ ವಾರದ ಭಾನುವಾರ ಅರಾಸೆಲಿ ಮೊದಲ ಪಂದ್ಯಕ್ಕೆ ನಿಂತಳು. ಐದನೆಯ ಸರದಿಯಲ್ಲಿ ಓಡಿ ಬಂದವನು ಮುಟ್ಟಿದನೋ ಇಲ್ಲವೋ ಅವಳಿಗೆ ಕಾಣದೇ ಹೋಯಿತು. ಕೈ ಎತ್ತಲಿಲ್ಲ. ಬೇಸಿನ ಹತ್ತಿರವಿದ್ದ ಇನ್ನೊಬ್ಬ ಅಂಪೈರ್‌ನನ್ನು ನಡೆದುಹೋಗಿ ಕೇಳಿ, ಬಂದು "ಸೇಫ್" ಎಂದಳು. ಜನ ಕೂಗಿದರು, ಒಬ್ಬ ಕಿತ್ತಳೆ ಸಿಪ್ಪೆ ಎಸೆದ, ಯಾರೂ ಮೈದಾನಕ್ಕೆ ಇಳಿಯಲಿಲ್ಲ. ಮೂರನೆಯ ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಕೂತಿದ್ದ ಎವರಿಸ್ಟೊ, ಹಿಡಿದಿದ್ದ ಉಸಿರು ಬಿಟ್ಟ.

ಮನೆಗೆ ಬಂದು ಊಟಕ್ಕೆ ಕೂತಾಗ ಅವನು ಮತ್ತೆ ಲಿಸಾಂಡ್ರೊನ ಪುರಾಣ ತೆಗೆದ. ಎರ್ಲಿಂದಾ ಅನ್ನ ರಾಜ್ಮಾದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಲಿಸಾಂಡ್ರೊ, ಟೊರಿಬಿಯೊ! ಬೇರೆ ಹೆಸರೇ ಇಲ್ವಾ ಈ ಊರಲ್ಲಿ? ಎಲ್ಲರಿಗಿಂತ ದೊಡ್ಡೋನು ಹೆರಿಬೆರ್ಟೊ."

"ಯಾರು, ಆ ನಡುಗೋ ಹುಡುಗನಾ?"

"ನಡುಗ್ತಾನೇ ಎಸೀತಿದ್ನಲ್ಲಾ! ಎಷ್ಟು ಜನಕ್ಕೆ ಅವ್ನ ಚೆಂಡು ಹೊಡೆಯೋಕಾಯ್ತು? ಎಸೆಯೋನಿಲ್ದೆ ನಿಮ್ಮ ಗೋಡೆ ಏನ್ ಹಿಡೀತಿದ್ದ, ಗಾಳೀನಾ?"

"ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?"

"ಯಾರಾದ್ರೂ ಕೇಳಿದ್ರಾ?" ಎಂದು ಅವಳು ತನ್ನ ತಟ್ಟೆ ತಂದು ಎದುರಿಗೆ ಕೂತಳು. "ಈಗ ಕೇಳಿ, ಒಂದೊಂದಾಗಿ ಹೇಳ್ತೀನಿ."