ಹತ್ತನೆಯ ದನಿ

ಕಿಂಗ್‌ಸ್ಟನ್ನಿನ ವಾಲ್ತಮ್ ಪಾರ್ಕ್ ರಸ್ತೆಯಲ್ಲಿ ಹೆಂಗಸರ ಜಡೆ ಹೆಣೆದು ಬದುಕುವ ಶೆರ್ನೆಟ್, ಮಗುವನ್ನು ಬಿಟ್ಟುಬರಲು ಯಾರೂ ಇಲ್ಲದೆ, ಹಸುಗೂಸನ್ನು ಎತ್ತಿಕೊಂಡೇ ಹಾಡಲು ಸ್ಟುಡಿಯೋಗೆ ಬಂದಿದ್ದಳು. ಸ್ಟುಡಿಯೋದ ಒಡೆಯ ಲಿನ್‌ವಲ್ ಆಲ್ಬಮ್ಮಿಗೆಂದು ಕಟ್ಟಿದ ಹೊಸ ರಿಡಿಂ ಮೇಲೆ, ವಾದ್ಯಗಳ ಆ ಒಂದೇ ತಾಳಕ್ಕೆ, ಆಗಲೇ ಒಂಬತ್ತು ಗಂಡಸರು ತಮ್ಮ ತಮ್ಮ ಹಾಡು ಹಾಡಿ ಹೋಗಿದ್ದರು.

“ಇನ್ನೇನು ಉಳಿದಿದೆ ಮರೀ, ನೀನು ಹಾಡೋಕೆ?” ಲಿನ್‌ವಲ್ ನಕ್ಕ.

“ಒಂಬತ್ತು ಜನಾನೂ ಕಾರು, ಗಂಡಸ್ತನ ಅಂತ ಕೊಚ್ಕೊಂಡಿದ್ದಾರೆ ಬಾಸ್. ಅವರ ಮಕ್ಕಳಿಗೆ ಗಂಜಿ ಕಾಯಿಸೋರು ಯಾರು ಅಂತ ಒಬ್ಬನೂ ಹೇಳಿಲ್ಲ.”

ಅದನ್ನೇ ಹಾಡಿದಳು. ಮಗು ಎಲ್ಲಿ ಅತ್ತುಬಿಡುತ್ತದೋ ಎಂದು ಮಡಿಲಲ್ಲಿ ತಟ್ಟುತ್ತಲೇ ಇದ್ದರೂ ತಾಳ ತಪ್ಪಲಿಲ್ಲ. ಹಾಡು ಮುಗಿಯುತ್ತಲೇ ಬಾಗಿಲಾಚೆ ಸರದಿಗೆ ಕಾದಿದ್ದವರು ಮೆಚ್ಚಿ ಗೋಡೆ ಗುದ್ದತೊಡಗಿದರು.

“ಚೆನ್ನಾಗಿದೆ, ಹಾಕ್ತೀನಿ. ಆದ್ರೆ ಆಲ್ಬಮ್ ಮೇಲೆ ನಿನ್ನ ಹೆಸರು ಬೇಡ. ಹೆಂಗಸಿನ ಹೆಸರು ನೋಡಿದ್ರೆ ಜನ ಪಕ್ಕಕ್ಕಿಡ್ತಾರೆ,” ಎಂದ ಲಿನ್‌ವಲ್.

“ಹಾಗಾದ್ರೆ ಹಾಡೂ ಬೇಡ, ಅಳಿಸಿಬಿಡಿ.”

“ಹುಚ್ಚಾ ನಿಂಗೆ? ಏಳು, ಮುಂದಿನವನು ಬರಬೇಕು.”

ಶೆರ್ನೆಟ್ ಮೈಕಿನ ಮುಂದಿದ್ದ ಕುರ್ಚಿಯಲ್ಲೇ ಬೆನ್ನು ಆನಿಸಿ ಕೂತು ಮಗುವಿಗೆ ಹಾಲೂಡಿಸತೊಡಗಿದಳು.

“ಬರಲಿ ಬಾಸ್. ನನ್ನ ಹೆಸರು ಬರೆಯೋವರೆಗೂ ಈ ಕುರ್ಚಿ ಖಾಲಿಯಾಗಲ್ಲ.”