ಎಡಗೈಗೆ ಪಳಗಿದ ನಿಬ್ಬು

ನನ್ನ ಮಾವ ಬರೆಯುವಾಗ ಎಡಗಿವಿ ಕಾಗದಕ್ಕೆ ತಾಗಿಯೇ ಬಿಡುತ್ತದೆ ಅನ್ನುವಷ್ಟು ಬಗ್ಗುತ್ತಿದ್ದರು. ಆ ಕಿವಿಯ ತುಂಬ ಬಿಳಿ ಕೂದಲು. ಪಾಪ, ಕಣ್ಣು ಮಂಜಾಗಿರಬೇಕು ಅಂದುಕೊಂಡು, ಅವರು ನಮ್ಮ ಮನೆಗೆ ಬಂದ ಹೊಸತರಲ್ಲಿ ನಾನು ಕಣ್ಣಿನ ಡಾಕ್ಟರ ಮಾತೆತ್ತಿದ್ದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನಿಬ್ಬು ಕಾಗದದ ಮೇಲೆ ಓಡುವ ಸದ್ದಿನಿಂದಲೇ ಶಾಯಿ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಒಂದೊಂದು ದಿನ ತಲೆ ಎತ್ತಿ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನುವ ದನಿಯಲ್ಲಿ, "ಯಾಕೋ ಇವತ್ತ ಗೊಣಗಾಕ ಹತ್ತೈತಿ" ಅನ್ನುವರು. ಗೊಣಗುತ್ತಿರುವುದು ನಾನಲ್ಲ, ಪೆನ್ನು ಅಂತ ತಿಳಿಯಲು ನನಗೆ ಸ್ವಲ್ಪ ಕಾಲವೇ ಹಿಡಿಯಿತು.

ಧಾರವಾಡ ಸೀಮೆಯ ಅಂಚೆ ಕಚೇರಿಗಳಲ್ಲಿ ಇಡೀ ನೌಕರಿ ಮುಗಿಸಿ, ಅತ್ತೆ ತೀರಿಕೊಂಡ ಮೇಲೆ ಮಾವ ವಿಶಾಖಪಟ್ಟಣಕ್ಕೆ ನಮ್ಮ ಜೊತೆ ಇರಲು ಬಂದರು. ಇವರು, ಅಂದರೆ ನನ್ನ ಗಂಡ, ನೌಕಾಪಡೆಯಲ್ಲಿ ಎಂಜಿನ್ ಕೋಣೆಯ ಕೆಲಸಗಾರ. ಹಡಗು ಹೊರಟಿತೆಂದರೆ ಎಂವಿಪಿ ಕಾಲೋನಿಯ ಪುಟ್ಟ ಫ್ಲಾಟಿನಲ್ಲಿ ನಾನು, ಮಗಳು, ಮಾವ ಮೂರೇ ಜನ. ನಾನು ಮೈಸೂರಿನವಳು, ಅವರ ಮಾತು ಅರ್ಧ ನನಗೆ ಹೊಸದು. ಮಗಳಿಗೋ ತೆಲುಗೇ ಬಾಯಿಗೆ ಬರುವುದು, ಅವರನ್ನು ‘ತಾತಯ್ಯ’ ಅನ್ನುತ್ತಿದ್ದಳು. ಒಂದೇ ಮನೆಯಲ್ಲಿ ಮೂರು ಥರದ ಮಾತಾಡಿಕೊಂಡು ಹೇಗೋ ಹೊಂದಿಕೊಂಡೆವು.

ಹೊಂದಿಕೊಳ್ಳಲಾಗದ್ದು ಆ ಪೆನ್ನಿನ ಜೊತೆ. ಹೆಬ್ಬೆರಳಿನಷ್ಟು ದಪ್ಪದ ಕರಿ ಎಬೊನೈಟ್ ಪೆನ್ನು. ಅದಕ್ಕೆ ಪಂಪಿಲ್ಲ, ರೀಫಿಲ್ ಇಲ್ಲ. ಕೊಳವೆಯೇ ಶಾಯಿಯ ಡಬ್ಬಿ. ಡ್ರಾಪರಿನಲ್ಲಿ ಹನಿಹನಿಯಾಗಿ ತುಂಬಿ, ತಿರುಪು ಬಿಗಿದು, ಬಟ್ಟೆಯಲ್ಲಿ ಒರೆಸಿ ಇಡಬೇಕು. ಭಾನುವಾರ ಬಂತೆಂದರೆ ಅದನ್ನು ಬಿಚ್ಚಿ ನನ್ನ ಅಡುಗೆಮನೆಯ ಸಿಂಕಿನಲ್ಲೇ ಸ್ನಾನ ಮಾಡಿಸುವರು. ಸಿಂಕು ನೀಲಿ, ಸ್ಟೀಲ್ ಲೋಟ ನೀಲಿ, ಒಮ್ಮೆ ಹೊಸ ಸೋಫಾ ಕವರಿನ ಮೇಲೂ ಅಂಗೈಯಗಲ ನೀಲಿ. ಅವತ್ತು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಸಂಜೆ ತಾವೇ ನಿಂಬೆಹಣ್ಣು ಉಪ್ಪು ಹಚ್ಚಿ ತಿಕ್ಕುತ್ತಾ ಕೂತರು. ಕಲೆ ಹೋಗಲಿಲ್ಲ, ಇನ್ನಷ್ಟು ಹರಡಿಕೊಂಡಿತು. ನನಗೆ ಸಿಟ್ಟಿನ ಜೊತೆ ನಗುವೂ ಬಂದು, ಹೋಗಲಿ ಬಿಡಿ ಮಾವ, ಕಾಫಿ ಕುಡಿಯಿರಿ ಅಂದೆ.

ಪೆನ್ನು ಹೇಗೆ ಬರೆಯುತ್ತದೆ ಅಂತ ನನಗೆ ಕಲಿಸಿದ್ದು ಅವರೇ, ಅದೂ ಎಣ್ಣೆ ಡಬ್ಬಿ ಇಟ್ಟುಕೊಂಡು. ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬರುವುದಿಲ್ಲ, ಗಾಳಿ ಒಳಹೋಗಲು ಇನ್ನೊಂದು ಬೇಕು. ಅದು ನನಗೆ ಗೊತ್ತಿತ್ತು. ಪೆನ್ನೂ ಅಷ್ಟೇ ಅಂದರು. ನಿಬ್ಬಿನ ಕೆಳಗೆ ಒಂದು ಕರಿ ನಾಲಿಗೆ, ಅದರಲ್ಲಿ ಕೂದಲೆಳೆಯಂಥ ಕಾಲುವೆ. ಮಸಿ ಕೆಳಗೆ ಇಳಿಯಬೇಕೆಂದರೆ ಅಷ್ಟೇ ಗಾಳಿ ಮೇಲೆ ಹತ್ತಬೇಕು. ನಿಬ್ಬಿನ ನಡುವಿನ ಸೀಳು ತುದಿಯವರೆಗೆ ಮಸಿಯನ್ನು ತಾನೇ ಎಳೆದು ತರುತ್ತದೆ, ಕಾಗದ ಸಿಕ್ಕಿದ ಕೂಡಲೇ ಕೊಟ್ಟುಬಿಡುತ್ತದೆ. ಬರೆಯುವವನು ದಾರಿ ತೋರಿಸಿದರೆ ಸಾಕು. ಬಾಲ್ ಪೆನ್ನಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಆದರೆ ಅದನ್ನು ಚಕ್ಕಡಿ, ಅಂದರೆ ಎತ್ತಿನ ಗಾಡಿ, ಅನ್ನುತ್ತಿದ್ದರು. ಗುಂಡು ಉರುಳಬೇಕಾದರೆ ಮೇಲಿಂದ ಭಾರ ಹಾಕಬೇಕು, ಹಿಂದಿನಿಂದ ತಳ್ಳಬೇಕು. ತಳ್ಳಿ ತಳ್ಳಿ ಈಗಿನವರ ಅಕ್ಷರ ಮುಗ್ಗರಿಸುತ್ತವೆ ಅನ್ನುವುದು ಅವರ ವಾದ.

ತೆಲುಗು ಅವರಿಗೆ ಬರುತ್ತಿರಲಿಲ್ಲ, ಆದರೆ ಬೋರ್ಡುಗಳನ್ನೆಲ್ಲ ಓದುತ್ತಿದ್ದರು. ಬಸ್ಸಿನ ಕಿಟಕಿಗೆ ಕೂತು, ಅಂಗಡಿಯ ಹೆಸರುಗಳನ್ನು ಒಂದೂ ಬಿಡದೆ ಜೋರಾಗಿ ಓದುವುದು, ಹಾಗಂದರೇನು ಅಂತ ನನ್ನನ್ನು ಕೇಳುವುದು. ಕನ್ನಡ ತೆಲುಗು ಎರಡೂ ಓಲೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಗೀಚಿ ಬೆಳೆದ ಅಕ್ಷರ. ನೆಟ್ಟಗೆ ಗೆರೆ ಎಳೆದರೆ ಗರಿ ಸೀಳುತ್ತದೆಂದೇ ನಮ್ಮ ಅಕ್ಷರ ದುಂಡಗಾದವು ಅನ್ನುತ್ತಿದ್ದರು. ತಲೆಕಟ್ಟಿಗೆ ಇಲ್ಲೂ ಹೆಚ್ಚುಕಮ್ಮಿ ಅದೇ ಹೆಸರು ಅಂತ ಗೊತ್ತಾದ ದಿನ, ದೂರದ ಸಂಬಂಧಿಕರು ಸಿಕ್ಕಷ್ಟು ಸಂತೋಷಪಟ್ಟರು.

ಒಮ್ಮೆ ವಿಜಯವಾಡಕ್ಕೆ ದುರ್ಗಮ್ಮನ ದರ್ಶನಕ್ಕೆ ಹೋಗಿದ್ದೆವು. ಬೆಟ್ಟ ಇಳಿದ ಕೂಡಲೇ ಮಾವ ಆಟೋನಗರಕ್ಕೆ ಹೋಗಬೇಕು ಅಂದರು. ಲಾರಿ ರಿಪೇರಿಯ ಜಾಗದಲ್ಲಿ ಮಾವನಿಗೇನು ಕೆಲಸ ಅಂತ ನನಗೆ ಆಶ್ಚರ್ಯ. ಪೆನ್ನಿನ ಹಿಡಿ ಬಿರುಕು ಬಿಟ್ಟಿತ್ತು, ಲೇತ್ ಇರುವ ಕಡೆ ಹೊಸದು ಕಡೆಸಬೇಕಂತೆ. ಲಾರಿಯ ಬುಷ್ ಕಡೆಯುವ ಮೇಸ್ತ್ರಿ ಆ ಗೇಣುದ್ದದ ಪೆನ್ನನ್ನು ಗ್ರೀಸು ಕೈಯಲ್ಲಿ ತಿರುಗಿಸಿ ನೋಡಿ, ಇದು ಯಾವ ಗಾಡಿಯ ಪಾರ್ಟು ಅಂತ ತೆಲುಗಿನಲ್ಲಿ ಕೇಳಿದ. ಅಂತೂ ಕಡೆದುಕೊಟ್ಟ. ಹಿಡಿ ಕೊಂಚ ದಪ್ಪವಾಗಿತ್ತು. ಮಾವ ಮಾತ್ರ ಊರೆಲ್ಲ ಹೇಳಿಕೊಂಡು ಬಂದರು, ಇದು ಹತ್ತು ಟನ್ ಲೋಡು ಎಳೆಯುವ ಪೆನ್ನು ಅಂತ.

ಅಂಚೆ ಕಚೇರಿಯಲ್ಲಿ ಮಾವ ಎಷ್ಟು ಜನರ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿಸಿದ್ದಾರೋ ಲೆಕ್ಕವಿಲ್ಲ. ಮನಿಆರ್ಡರ್ ಬಂದ ಮುದುಕಿಯರ ಬೆರಳು ಒರೆಸಲೆಂದೇ ಮನೆಯಿಂದ ಒದ್ದೆ ಬಟ್ಟೆ ಒಯ್ಯುತ್ತಿದ್ದರಂತೆ. ಹೆಬ್ಬೆಟ್ಟಿನವರೆಂದರೆ ಅವರಿಗೆ ಸಸಾರವಿರಲಿಲ್ಲ. ಅವರ ಅವ್ವನೇ ಹೆಬ್ಬೆಟ್ಟಿನವಳು. ಗಂಡ ಸತ್ತ ಮೇಲೆ ಹತ್ತಿ ಬಿಡಿಸಿ ಮಗನನ್ನು ಸಾಕಿದವಳು. ಹೈಸ್ಕೂಲಿನ ಉಚಿತ ಬೋರ್ಡಿಂಗಿಗೆ ಮಗನನ್ನು ಸೇರಿಸಿದ ದಿನ, ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಒರೆಸಿಕೊಂಡು, "ನಮ್ಮ ಮನ್ಯಾಗ ಇದ ಕಡೀ ಹೆಬ್ಬೆಟ್ಟಾಗ್ಲಿ, ಮಾತು ಕೊಡು" ಅಂದಳಂತೆ. ಹುಡುಗ ಮಾತು ಕೊಟ್ಟ. ಈ ಕತೆಯನ್ನು ಮಾವ ನನಗೆ ಒಂದೇ ಸಲ ಹೇಳಿದ್ದು, ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಪೇಪರ್ ಹಿಡಿದವರ ಕೈಯಿಂದ ಪೇಪರ್ ಜಾರಿತು. ಆಸ್ಪತ್ರೆಯಿಂದ ಮರಳಿದಾಗ ಮಾತು ಸ್ವಲ್ಪ ತೊದಲುತ್ತಿತ್ತು, ಕಾಲು ಎಳೆಯುತ್ತಿತ್ತು. ಬಲಗೈ ಮಾತ್ರ ಸುಮ್ಮನಾಗಿಬಿಟ್ಟಿತ್ತು. ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುವವರ ಹಾಗೆ ಕೂತಿರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಈ ಮೊಬೈಲಿನ ಕಾಲದಲ್ಲೂ ಅವರು ಫ್ಲಾಟಿನ ಸಂಘಕ್ಕೆ ತಿಂಗಳ ಮೇಂಟೆನೆನ್ಸನ್ನು ಚೆಕ್ಕಿನಲ್ಲೇ ಕೊಡುತ್ತಿದ್ದರು. ಸ್ಕ್ಯಾನ್ ಮಾಡಿ ಸರ್ ಅಂತ ಸೆಕ್ರೆಟರಿ ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ಲಕ್ವದ ನಂತರ ಎಡಗೈಯಲ್ಲಿ ಹೇಗೋ ಗೀಚಿ ಕೊಟ್ಟ ಮೊದಲ ಚೆಕ್ಕು, ಸಹಿ ತಾಳೆಯಾಗುವುದಿಲ್ಲವೆಂದು ವಾಪಸ್ ಬಂತು. ಬ್ಯಾಂಕಿನವರು ಫೋನ್ ಮಾಡಿದರು: ಬಂದು ಹೊಸದಾಗಿ ಮಾದರಿ ಸಹಿ ಕೊಡಿ, ಆಗದಿದ್ದರೆ ಚಿಂತೆಯಿಲ್ಲ, ಹೆಬ್ಬೆಟ್ಟು ಒತ್ತಿದರೂ ಖಾತೆ ನಡೆಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇವರು ಹಡಗಿನಿಂದ ಫೋನ್ ಮಾಡಿದಾಗ ಅದನ್ನೇ ಅಂದರು, ಅದರಲ್ಲೇನಿದೆ ಅಪ್ಪಾ, ಎಲ್ಲ ಫೋನಲ್ಲೇ ಆಗುತ್ತೆ, ಸಹಿ ಯಾರಿಗೆ ಬೇಕು ಈಗ. ಮಾವ ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು. ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನವೂ ಬರೀ ಮಜ್ಜಿಗೆ.

ಎಡಗೈಯಲ್ಲಿ ಬಾಲ್ ಪೆನ್ನು ಹಿಡಿಸಿ ನೋಡಿದೆ. ಒತ್ತಲು ಶಕ್ತಿಯಿಲ್ಲ, ಬರೀ ಬಿಳಿ ಗೀರು ಬೀಳುತ್ತಿತ್ತು. ಜೆಲ್ ಪೆನ್ನು ಕೈಗೆ ನಿಲ್ಲದೆ ಜಾರುತ್ತಿತ್ತು. ಅವರ ಸ್ವಂತ ಪೆನ್ನಿಗೂ ಒಂದು ತೊಡಕು. ಎಷ್ಟೋ ವರ್ಷ ಬಲಗೈಯ ಓರೆಗೆ ಸವೆದ ನಿಬ್ಬು, ಎಡಗೈಗೆ ಬಂದರೆ ಕಾಗದವನ್ನು ಅಗೆಯುತ್ತಿತ್ತು. ಬಲಗೈ ಎಳೆದುಕೊಂಡು ಬರೆಯುವುದನ್ನು ಎಡಗೈ ತಳ್ಳಿಕೊಂಡು ಬರೆಯಬೇಕಲ್ಲ. ಹೊಸ ನಿಬ್ಬು ತಂದುಕೊಡುತ್ತೇನೆ ಅಂದೆ. ಹೊಸದು ಪಳಗಲು ವರ್ಷ ಬೇಕು, ಅಷ್ಟು ಕಾಲ ನನ್ನ ಹತ್ತಿರ ಇಲ್ಲ ಅಂದರು. ಆಮೇಲೆ ತಡೆದು ತಡೆದು ಹೇಳಿದರು: "ನೀನ ತಿದ್ದಬೇಕವಾ."

ಆ ಪೆನ್ನನ್ನು ಮಗನಿಗೂ ಮುಟ್ಟಗೊಟ್ಟವರಲ್ಲ. ಯಾರಾದರೂ ಒಂದು ಸಹಿಗೆ ಕೇಳಿದರೂ ಮುಚ್ಚಳ ತಾವೇ ಹಿಡಿದುಕೊಂಡು ಪಕ್ಕದಲ್ಲೇ ನಿಲ್ಲುವವರು. ನಾನೋ, ಬಳೆ ಬಗ್ಗಿಸಲು ಹೋಗಿ ಮುರಿದವಳು. ನನ್ನ ಕೈಲಾಗಲ್ಲ ಮಾವ ಅಂದೆ. ಅವರು ಎಡಗೈಯಿಂದ ಪೆನ್ನನ್ನು ನನ್ನ ಕಡೆ ಸರಿಸಿದರು.

ಹಾರ್ಡ್‌ವೇರ್ ಅಂಗಡಿಯಿಂದ ವಾಟರ್ ಪೇಪರ್ ತಂದೆ, ಕಾರಿಗೆ ಬಣ್ಣ ಹೊಡೆಯುವವರು ಉಜ್ಜುವ ನುಣುಪು ಕಾಗದ. ಅದರಲ್ಲೂ ತೀರಾ ನಯವಾದದ್ದೇ ಬೇಕೆಂದು ಎರಡು ಸಲ ಅಟ್ಟಿದರು. ಮೊದಲು ತೆಳು ಬ್ಲೇಡನ್ನು ನಿಬ್ಬಿನ ಸೀಳಿನಲ್ಲಿ ತೂರಿಸಿ ಒಂದೇ ಒಂದು ಸಲ ಎಳೆಯಬೇಕು, ಮಸಿ ಧಾರಾಳವಾಗಿ ಇಳಿಯಲಿ ಅಂತ. ಆಮೇಲೆ ನಿಬ್ಬಿನ ಒಂದು ಅಂಚನ್ನು ಒದ್ದೆ ಕಾಗದದ ಮೇಲೆ, ಮಗುವಿನ ಕೆನ್ನೆ ಸವರಿದ ಹಾಗೆ ಸವರಬೇಕು, ಎಂಟು ಬರೆದ ಹಾಗೆ ತಿರುಗಿಸಬೇಕು. ಹೆಚ್ಚು ಸವೆಸಿದರೆ ಮುಗಿಯಿತು, ಕಳೆದದ್ದನ್ನು ಮತ್ತೆ ಸೇರಿಸಲಾಗದು. ಎರಡು ಸಲ ಸವರುವುದು, ಶಾಯಿಯಲ್ಲಿ ಅದ್ದುವುದು, ನಾನು ಎಡಗೈಯಲ್ಲಿ ಗೆರೆ ಎಳೆಯುವುದು. ಮಾವ ನನ್ನ ಕೈಯ ಪಕ್ಕ ಕಿವಿಯಿಟ್ಟು ಕೇಳುವರು. "ಇನ್ನೂ ಕೆರಿತೈತಿ." ಮತ್ತೆ ಸವರುವೆ. "ಇನ್ನೂ." ಅನ್ನ ಸೀದು ವಾಸನೆ ಬಂದರೂ ನಾನು ಏಳಲಿಲ್ಲ. ಕೊನೆಗೊಮ್ಮೆ ಗೆರೆ ಎಳೆದು ನೋಡಿದರೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿಬ್ಬಿನ ಸದ್ದೇ ಇರಲಿಲ್ಲ. ಆ ಕ್ಷಣದಲ್ಲಿ ನನಗಾದಂಥ ಸಂತೋಷ, ಹಿಂದೆ ಮಗಳು ಮೊದಲ ಹೆಜ್ಜೆ ಇಟ್ಟಾಗ ಮಾತ್ರ ಆಗಿತ್ತು.

ಆಮೇಲಿನ ವಾರಗಳಲ್ಲಿ ಮಾವ ದಿನವಿಡೀ ಹೆಸರು ಬರೆದರು. ಹಳೇ ಕ್ಯಾಲೆಂಡರಿನ ಹಿಂದೆ, ಮದುವೆಯ ಕರೆಯೋಲೆಗಳ ಹಿಂದೆ, ಮಿಠಾಯಿ ಡಬ್ಬದ ರಟ್ಟಿನ ಮೇಲೆ. ಮೊದಲು ಜಿಲೇಬಿಯಂತಿದ್ದದ್ದು ಬರಬರುತ್ತಾ ಹೆಸರಾಯಿತು. ಹೊರಡೋಣ ಅಂದರು.

ಬ್ಯಾಂಕಿನ ಅಧಿಕಾರಿ ದಾವಣಗೆರೆಯ ಹುಡುಗಿ, ವರ್ಗವಾಗಿ ಬಂದವಳು. ‘ಕೂರ್ಚೋಂಡಿ’ ಅಂತ ತೆಲುಗಿನಲ್ಲಿ ಶುರುಮಾಡಿದವಳು ನಮ್ಮ ಮಾತು ಕೇಳಿ, ಅಯ್ಯೋ ನಮ್ಮೋರು ಅಂತ ಎದ್ದು ಬಂದು ಕುರ್ಚಿ ಹಾಕಿದಳು. ಮೇಜಿನ ಮೇಲೆ ಸಹಿಯ ಕಾರ್ಡಿತ್ತು, ಬೇಕಾದೀತೆಂದು ಪಕ್ಕದಲ್ಲೇ ಶಾಯಿಯ ಪ್ಯಾಡೂ ಇತ್ತು. ಮಾವ ಪ್ಯಾಡಿನ ಮುಚ್ಚಳವನ್ನು ತಾವೇ ಮುಚ್ಚಿದರು. ನಾನು ಕಾರ್ಡು ಅದುಮಿ ಹಿಡಿದೆ. ಅವರು ಬರೆದರು. ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಂಡು. ಹಿಂದೆ ಸಾಲಿನಲ್ಲಿದ್ದವರು ಯಾರೂ ಅವಸರ ಮಾಡಲಿಲ್ಲ. ಕೊನೆಯ ಅಕ್ಷರದ ತಲೆಕಟ್ಟು ಹಾಕಿ ಪೆನ್ನು ಕೆಳಗಿಟ್ಟರು. ಓರೆಕೋರೆಯಾಗಿತ್ತು, ಆದರೆ ಯಾರು ಓದಿದರೂ ಅವರ ಹೆಸರೇ.

ಏಳಲೆಂದು ಎಡಗೈಯನ್ನು ಮೇಜಿಗೆ ಊರಿದರು. ಕೈ ತೆಗೆದಾಗ ನೋಡುತ್ತೇನೆ, ಸಹಿಯ ಪಕ್ಕದಲ್ಲೇ ನೀಲಿ ಹೆಬ್ಬೆಟ್ಟು, ಗೆರೆಗೆರೆ ಸಮೇತ.

ಎಲ್ಲ ನನ್ನ ಬುದ್ಧಿವಂತಿಕೆ. ಆಟೋದಲ್ಲಿ ಕುಲುಕಿ ಚೆಲ್ಲೀತೆಂದು ಪೆನ್ನಿಗೆ ಅರ್ಧವೇ ಶಾಯಿ ತುಂಬಿದ್ದೆ. ಇಂಥ ಪೆನ್ನಿಗೆ ಅದೇ ಆಗದು. ಉಳಿದರ್ಧ ಗಾಳಿ, ಬಿಗಿಯಾಗಿ ಹಿಡಿದ ಕೈಯ ಬಿಸಿಗೆ ಹಿಗ್ಗಿ, ಶಾಯಿಯನ್ನು ಹೊರಗೆ ನೂಕಿ ಅವರ ಬೆರಳೆಲ್ಲ ತೋಯಿಸಿತ್ತು. ನನಗೆ ಅಳುವೇ ಬಂತು. ಹುಡುಗಿ, ಪರವಾಗಿಲ್ಲ ಮೇಡಂ, ಇನ್ನೊಂದು ಕಾರ್ಡು ತರ್ತೀನಿ ಅಂತ ಎದ್ದಳು. ಮಾವ ಕಾರ್ಡನ್ನೇ ನೋಡುತ್ತಿದ್ದರು. ಒಂದು ಕಡೆ ಸೊಟ್ಟಗಾದ ಆ ಬಾಯಿಯಲ್ಲಿ ನಗು ಹರಡಿತು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಬ್ಯಾಡ ತಂಗಿ, ಇರ್ಲಿ ಬಿಡು" ಅಂದರು. "ನನ್ನ ಜೋಡಿ ನಮ್ಮವ್ವನೂ ಸಹಿ ಮಾಡ್ಯಾಳ."

ಹುಡುಗಿಗೆ ಅರ್ಥವಾಯಿತೋ ಇಲ್ಲವೋ, ಕಾರ್ಡನ್ನು ಹಾಗೇ ತೆಗೆದುಕೊಂಡಳು. ಮನೆಗೆ ಬಂದು ಮಾವ ಎರಡು ಸಲ ಅನ್ನ ಹಾಕಿಸಿಕೊಂಡರು.

ಅವತ್ತಿನಿಂದ ಅವರು ಅವ್ವನ ಸುದ್ದಿಯನ್ನು ಧಾರಾಳವಾಗಿ ಹೇಳತೊಡಗಿದರು. ಅವಳಿಗೆ ಓದು ಬರಹವಿಲ್ಲ. ಬೋರ್ಡಿಂಗಿಗೂ ಮೊದಲು, ಮಗ ಊರ ಶಾಲೆಯಲ್ಲಿ ಏನು ಕಲಿತನೆಂದು ನೋಡುವುದು ಹೇಗೆ? ಸಂಜೆ ಮನೆಗೆ ಬಂದವನ ಕೈ ಹಿಡಿದು ಬೆರಳು ನೋಡುತ್ತಿದ್ದಳಂತೆ. ಮಸಿಯಿದ್ದರೆ ರೊಟ್ಟಿಗೆ ಬೆಣ್ಣೆ, ಇಲ್ಲದಿದ್ದರೆ ಬೈಗುಳ. ಈ ಹುಡುಗನೋ, ಬರೆಯದ ದಿನ ಮಸಿ ಹಚ್ಚಿಕೊಂಡೇ ಬರುತ್ತಿದ್ದನಂತೆ. ಹೇಳಿಕೊಂಡು ಮಾವ ಕಣ್ಣಲ್ಲಿ ನೀರು ಬರುವಷ್ಟು ನಗುವರು.

ಈ ಬೇಸಿಗೆಯಲ್ಲಿ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ಬೆಳಿಗ್ಗೆ ಎಂದಿನಂತೆ ಕೂತು ಬರೆದು, ಪೆನ್ನು ಮುಚ್ಚಿ, ಹಾಗೇ ಒರಗಿದ್ದರು. ನನಗೆ ಅಪ್ಪನ ಮುಖ ನೆನಪಿಲ್ಲ, ಚಿಕ್ಕವಳಿದ್ದಾಗಲೇ ಹೋದರು. ಅಪ್ಪ ಸತ್ತರೆ ಹೇಗಿರುತ್ತದೆಂದು ನನಗೆ ತಿಳಿದದ್ದು ಅವತ್ತು.

ಇವರು ಆಗ ರಜೆಯ ಮೇಲೆ ಮನೆಯಲ್ಲೇ ಇದ್ದರು. ಸ್ನಾನ ಮಾಡಿಸುವಾಗ ಮಾವನ ಎಡಗೈ ಬೆರಳುಗಳ ಶಾಯಿ ಹೋಗಲಿಲ್ಲ. ಎಂಜಿನ್ ಕೋಣೆಯ ಮನುಷ್ಯ, ಕೈಗೆ ಕಲೆ ಉಳಿದರೆ ತಡೆಯುವವರಲ್ಲ. ಬ್ರಷ್ಷು ತಂದು ಉಜ್ಜಲು ಕೂತರು. ನಾನು ಅವರ ಕೈ ಹಿಡಿದುಕೊಂಡೆ.

"ಹಾಗೇ ಬಿಡ್ರಿ," ಅಂದೆ. "ಅವರವ್ವ ಮೊದಲು ಬೆರಳು ನೋಡ್ತಾರೆ."